ಅನಿತಾಳ ಪರವಾಗಿ ಅಮ್ಮನಿಗೊಂದು ಕಾಗದ

ಲೀಡ್ಸ್, ಭಾನುವಾರ ರಾತ್ರಿ

ಪ್ರೀತಿಯ ಅಮ್ಮನಿಗೆ,

‘ಘಾಚರ್ ಘೋಚರ್’ ಕಾದಂಬರಿಯ ಬಗ್ಗೆ ಫೋನಿನಲ್ಲಿ ಅರ್ಧಕ್ಕೆ ನಿಂತ ಜಗಳವನ್ನು ಕಾಗದದಲ್ಲಾದರೂ ಮುಗಿಸೋಣ ಎಂದು ಕುಳಿತಿದ್ದೇನೆ. ‘ಆ ಸೊಸೆ ಅನಿತಾ ಸ್ವಲ್ಪ ಹೊಂದಿಕೊಂಡು ಹೋಗಿದ್ದರೆ ಅವರ ಮನೆ ನೆಟ್ಟಗಿರುತ್ತಿತ್ತು’ ಎಂದು ನೀನು ಅಂದೆ. ನಾನು ಬಾಯಿ ತೆರೆಯುವಷ್ಟರಲ್ಲಿ ನಿನ್ನ ಕುಕ್ಕರ್ ಕೂಗಿತು, ಮಾತು ಅಲ್ಲಿಗೆ ಮುಗಿಯಿತು. ಕುಕ್ಕರ್ ಯಾವಾಗಲೂ ನಿನ್ನ ಕಡೆಗೇ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಈ ತಿಂಗಳು ಇಲ್ಲಿನ ಲೈಬ್ರರಿಯ ಓದುಗರ ಗುಂಪಿನಲ್ಲಿ ಚರ್ಚೆಗೆ ಬಂದಿತ್ತು. ಶ್ರೀನಾಥ್ ಪೇರೂರರ ಇಂಗ್ಲಿಷ್ ಅನುವಾದ. ಅದರಲ್ಲಿಯೂ ಅಪ್ಪ, ಅಮ್ಮ, ಚಿಕ್ಕಪ್ಪ ಎಂದೇ ಇದೆ. ಎಂಟು ಜನ ಎಂಟು ರೀತಿಯಲ್ಲಿ ‘ಚಿಕ್ಕಪ್ಪ’ ಎನ್ನುವುದನ್ನು ಕೇಳಿ ನನಗೆ ನಗು ತಡೆಯಲಾಗಲಿಲ್ಲ. ನಗು ನಿಂತದ್ದು, ನಮ್ಮ ಗುಂಪಿನ ನಿವೃತ್ತ ನರ್ಸ್ ಒಬ್ಬರು ‘ಈ ಸೊಸೆಯದ್ದೇ ತಪ್ಪು, ಬಂದಾಗಿನಿಂದ ಕೊಂಕು ತೆಗೆಯುತ್ತಾಳೆ’ ಎಂದಾಗ. ಸಾಗರದಲ್ಲಿ ಕುಳಿತ ನೀನೂ ಲೀಡ್ಸಿನ ಈ ಹಿರಿಯರೂ ಒಂದೇ ತೀರ್ಪು ಕೊಟ್ಟಿರಿ. ಇಬ್ಬರನ್ನೂ ಹಾಗೆ ಒಪ್ಪಿಸಿದವನು ಯಾರು ಎಂದು ಯೋಚಿಸಿದೆ. ಕತೆ ಹೇಳುವವನೇ, ಅನಿತಾಳ ಗಂಡ.

ಹೆಗ್ಗೋಡಿನಿಂದ ತಂದ ನಿನ್ನ ಪ್ರತಿಯನ್ನು ಮೊದಲ ಸಲ ಓದಿದಾಗ ನಾನೂ ಅವನನ್ನು ನಂಬಿದ್ದೆ. ಪಾಪದ ಹುಡುಗ, ಬೆಂಗಳೂರಿನ ಕಾಫಿ ಹೌಸಿನಲ್ಲಿ ಕುಳಿತು ಮನೆಯ ಕಷ್ಟ ಹೇಳಿಕೊಳ್ಳುತ್ತಾನೆ, ಮಾತು ಎಷ್ಟು ಮೃದು! ಆದರೆ ಅವನು ಹೇಳುವುದೆಲ್ಲ ಅವನಿಗೆ ಅನುಕೂಲವಾಗುವಷ್ಟೇ. ಇಂಥವನನ್ನು ವಿಮರ್ಶಕರು ನಂಬಲಾಗದ ನಿರೂಪಕ ಎನ್ನುತ್ತಾರೆ. ಇವನು ಸುಳ್ಳು ಹೇಳುತ್ತಾನೆ ಎಂದು ನನಗೆ ಅನ್ನಿಸುವುದಿಲ್ಲ. ಎಲ್ಲಿ ಮಾತನಾಡಬೇಕಿತ್ತೋ ಅಲ್ಲಿ ಸುಮ್ಮನಿದ್ದದ್ದನ್ನು ಸಜ್ಜನಿಕೆಯ ಹಾಗೆ ಹೇಳಿಕೊಳ್ಳುತ್ತಾನೆ, ಅಷ್ಟೇ.

ಒಂದು ಸಣ್ಣ ಸಂಗತಿ ನೋಡು. ಇಡೀ ಪುಸ್ತಕದಲ್ಲಿ ಅವನಿಗೆ ಹೆಸರಿಲ್ಲ. ಅನಿತಾಳಿಗೆ ಇದೆ. ಇನ್ನೂ ಒಂದು ಮಾತನ್ನು ನಾವಿಬ್ಬರೂ ಮರೆತೆವು. ‘ಘಾಚರ್ ಘೋಚರ್’ ಎಂಬುದು ಯಾರ ಮಾತು? ಅವನದಲ್ಲ, ಅವನ ಮನೆಯವರದ್ದೂ ಅಲ್ಲ. ಚಿಕ್ಕಂದಿನಲ್ಲಿ ಗಾಳಿಪಟದ ದಾರ ಸಿಕ್ಕುಸಿಕ್ಕಾದಾಗ ಅನಿತಾಳ ತವರಿನಲ್ಲಿ ಹುಟ್ಟಿದ ಮಾತು ಅದು. ಯಾವ ನಿಘಂಟಿನಲ್ಲಿಯೂ ಇಲ್ಲ, ಅವರ ಮನೆಯವರಿಗೆ ಮಾತ್ರ ಗೊತ್ತಿದ್ದದ್ದು. ಮದುವೆಯಾದ ಹೊಸದರಲ್ಲಿ ಲಂಗದ ಲಾಡಿ ಗಂಟಾದಾಗ ಅವಳ ಬಾಯಿಂದ ಅದು ಬರುತ್ತದೆ, ಅವನೂ ಆ ಮಾತಿನ ಒಳಗಿನವನಾಗುತ್ತಾನೆ. (ನಿನಗೆ ಇದನ್ನು ಬರೆಯಲು ನನಗೆ ಸಂಕೋಚವೇ, ಆದರೆ ಪುಸ್ತಕ ಕೊಂಡವಳು ನೀನು.) ತನ್ನ ಮನೆಯಲ್ಲಿ ಏನೇನಾಯಿತು ಎನ್ನುವುದಕ್ಕೆ ಅವನ ಹತ್ತಿರ ಸ್ವಂತದ ಒಂದು ಪದವೂ ಇಲ್ಲ. ಅವಳು ನಂಬಿ ಕೊಟ್ಟ ಮಾತನ್ನೇ ಎತ್ತಿಕೊಂಡು, ಗಂಟು ಹಾಕಿದವಳೂ ಅವಳೇ ಎನ್ನುವ ಹಾಗೆ ಕತೆ ಹೇಳುತ್ತಾನೆ.

ಕಾಫಿ ಹೌಸಿನ ವಿನ್ಸೆಂಟನನ್ನು ಅವನು ಎಷ್ಟು ಹೊಗಳುತ್ತಾನೆ ಎನ್ನುವುದು ನಿನಗೆ ನೆನಪಿರಬೇಕು. ಆ ಮಾಣಿ ಆಡುವ ಒಂದೊಂದು ಮಾತಿನಲ್ಲಿಯೂ ಇವನಿಗೆ ದೇವವಾಣಿ ಕೇಳಿಸುತ್ತದೆ. ಮನೆಯಲ್ಲಿ ಹೆಂಡತಿ ಸ್ಪಷ್ಟ ಕನ್ನಡದಲ್ಲಿ ಹೇಳಿದ್ದು ಮಾತ್ರ ಕಿರಿಕಿರಿ. ವಿನ್ಸೆಂಟನ ಮಾತನ್ನು ತನಗೆ ಬೇಕಾದ ಹಾಗೆ ಅರ್ಥ ಮಾಡಿಕೊಳ್ಳಬಹುದು, ಅನಿತಾಳ ಮಾತಿಗೆ ಒಂದೇ ಅರ್ಥ. ಅವಳು ಕೇಳುವುದಾದರೂ ಏನು? ನೀನು ಒಂದು ಕೆಲಸ ಮಾಡು, ನಿನ್ನ ದುಡಿಮೆಯಿಂದ ಬದುಕೋಣ. ಗಂಡನಿಗೆ ಮನೆಯವರ ಮಸಾಲೆ ಕಂಪನಿ ಸೋನಾ ಮಸಾಲಾದಲ್ಲಿ ನಿರ್ದೇಶಕ ಎಂಬ ಹೆಸರಿದೆ, ಸಂಬಳವಿದೆ, ಕೆಲಸವಿಲ್ಲ ಎಂದು ಅವಳಿಗೆ ತಿಳಿಯುವುದೇ ಮದುವೆಯಾದ ಮೇಲೆ. ನಮ್ಮ ಮನೆಯಲ್ಲಿ ಯಾರಾದರೂ ನನ್ನನ್ನು ಹೀಗೆ ಕೊಟ್ಟಿದ್ದರೆ ‘ಹೊಂದಿಕೊಂಡು ಹೋಗು’ ಎನ್ನುತ್ತಿದ್ದೆಯಾ? ನೀನು ಮಾರನೆಯ ದಿನವೇ ಬಸ್ ಹತ್ತಿ ಬರುತ್ತಿದ್ದೆ.

ನಿನಗೆ ಮತ್ತೆ ಓದು ಎಂದು ಹೇಳಬೇಕೆಂದಿದ್ದ ಜಾಗ ಬೇರೆ. ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಮನೆಯ ಬಾಗಿಲಿಗೆ ಬರುತ್ತಾಳಲ್ಲ, ಅವನಿಗೆ ಇಷ್ಟವೆಂದು ಮಸೂರ ಬೇಳೆಯ ಪದಾರ್ಥ ಮಾಡಿಕೊಂಡು? ಚಿಕ್ಕಪ್ಪ ಹೊರಗೆ ಬರುವುದಿಲ್ಲ. ಅನಿತಾಳ ಅತ್ತೆಯೂ ನಾದಿನಿ ಮಾಲತಿಯೂ ಬಾಯಿಗೆ ಬಂದದ್ದು ಬೈದು ಅವಳನ್ನು ಅಟ್ಟುತ್ತಾರೆ. ತಂದ ಅಡುಗೆ ಬೀದಿಪಾಲಾಗುತ್ತದೆ. ಎಲ್ಲರ ಅನ್ನ ಚಿಕ್ಕಪ್ಪನಿಂದ ಬರುತ್ತದೆ, ಅವನನ್ನು ಕಾಪಾಡಿದರೆ ತಮ್ಮನ್ನು ಕಾಪಾಡಿಕೊಂಡಂತೆ ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ನಿರೂಪಕನಿಗೂ ಗೊತ್ತು, ನಿಂತು ನೋಡುತ್ತಾನೆ. ಆ ಹೆಂಗಸಿನ ಪರವಾಗಿ ಮಾತನಾಡುವವಳು ಅನಿತಾ ಒಬ್ಬಳೇ. ಅವಳಿಗೆ ಆ ಹೆಂಗಸು ಯಾರೆಂದು ಗೊತ್ತಿಲ್ಲ, ಮಾತನಾಡಿದ್ದರಿಂದ ಸಿಗುವುದೂ ಏನಿಲ್ಲ. ಅಂಥವಳನ್ನು ನಾವು ಬಾಯಿಬಡುಕಿ ಎಂದೆವು.

ಇವಳಿಗೂ ಮೊದಲು ಅವನಿಗೆ ಚಿತ್ರಾ ಎಂಬ ಸ್ನೇಹಿತೆ ಇದ್ದಳು, ಹೆಂಗಸರ ಕಷ್ಟಕ್ಕೆ ಓಡಾಡುವ ಸಂಸ್ಥೆಯಲ್ಲಿ ಕೆಲಸ ಮಾಡುವವಳು. ಅವಳನ್ನು ಕಾಣುವುದನ್ನೂ ಅವನು ಒಂದು ದಿನ ಸುಮ್ಮನೆ ನಿಲ್ಲಿಸಿಬಿಡುತ್ತಾನೆ. ಇದನ್ನು ಅವನು ಕೆಲವೇ ಪುಟಗಳಲ್ಲಿ ದಾಟಿಸಿಬಿಡುವುದರಿಂದ ನಮಗೂ ಸಣ್ಣದು ಅನ್ನಿಸುತ್ತದೆ. ಕೊನೆಗೆ ಅನಿತಾ ಹೈದರಾಬಾದಿಗೆ ಹೋದವಳು ಬಂದಿಲ್ಲ, ಸುದ್ದಿಯಿಲ್ಲ. ಮನೆಯಲ್ಲಿ ಎಲ್ಲರೂ ಕೂತು ಹೆಂಗಸರ ಕೊಲೆಗಳ ವಿಷಯ ಹರಟೆಯ ಹಾಗೆ ಮಾತನಾಡಿದ್ದಾರೆ. ಇವನು ಕಾಫಿ ಹೌಸಿನಲ್ಲಿ ಕುಳಿತು ಕಾಯುತ್ತಾನೆ. ಏನಾಯಿತೆಂದು ಲೇಖಕರು ಹೇಳುವುದಿಲ್ಲ. ನಮ್ಮ ನರ್ಸ್ ಆ ಪುಟಕ್ಕೆ ಬಂದಾಗ ಕನ್ನಡಕ ತೆಗೆದು, ‘ಅಯ್ಯೋ, ಅವಳು ಎಲ್ಲಿ?’ ಎಂದರು. ಎರಡು ಗಂಟೆಯ ಚರ್ಚೆಯಲ್ಲಿ ಅವಳ ಬಗ್ಗೆ ಯಾರಾದರೂ ಕೇಳಿದ ಮೊದಲ ಪ್ರಶ್ನೆ ಅದು.

ಅಂದು ರಾತ್ರಿ ಬಸ್ಸಿನಲ್ಲಿ ಬರುವಾಗ ನನಗೆ ನಮ್ಮ ಚಿಕ್ಕಮ್ಮ ನೆನಪಾದರು. ‘ಅವಳು ಬರುವವರೆಗೆ ಮನೆ ಒಂದಾಗಿತ್ತು’ ಎಂದು ಅಜ್ಜಿಯಿಂದ ಹಿಡಿದು ಅಪ್ಪನವರೆಗೆ ಎಲ್ಲರೂ ಹೇಳುವುದನ್ನು ಕೇಳುತ್ತಲೇ ಬೆಳೆದೆ. ಮನೆ ಪಾಲಾಗುವುದಕ್ಕೆ ಮೊದಲು, ಅಡಿಕೆ ಕೊನೆ ಕೊಯ್ಲಿಗೆ ಬಂದ ಹೆಂಗಸರಿಗೆ ಕೂಲಿ ಯಾಕೆ ಕಡಿಮೆ ಎಂದು ಅವರು ಊಟದ ಪಂಕ್ತಿಯಲ್ಲಿ ಕೇಳಿದ್ದರಂತೆ, ಅಲ್ಲವೇ? ಅಷ್ಟು ಮಾತ್ರ ನನಗೆ ಗೊತ್ತು. ಮುಂದಿನದನ್ನು ನಾನು ಅವರನ್ನು ಎಂದೂ ಕೇಳಲಿಲ್ಲ. ಅದನ್ನು ನೀನೂ ಕೇಳಿರಲಿಕ್ಕಿಲ್ಲ.

ಬೈಯಬೇಡ. ಸಾಗರದ ಮನೆಯ ನನ್ನ ಮೇಜಿನ ಖಾನೆಯಲ್ಲಿ ನಿನ್ನ ಪ್ರತಿ ಇದೆ, ಆ ಹೆಂಗಸು ಬಾಗಿಲಿಗೆ ಬರುವ ಪುಟಕ್ಕೆ ಹಳೆಯ ಬಸ್ ಟಿಕೆಟ್ ಇಟ್ಟಿದ್ದೇನೆ. ಓದಿ ಆದ ಮೇಲೆ ಚಿಕ್ಕಮ್ಮನಿಗೆ ಕೊಡು, ನಾನು ಕಳಿಸಿದ್ದೆಂದು ಹೇಳು. ಅಪ್ಪೆಮಿಡಿ ಉಪ್ಪಿನಕಾಯಿ ಖಾಲಿಯಾಗುತ್ತಾ ಬಂದಿದೆ, ದೀಪಾವಳಿಗೆ ಬರುವವರ ಕೈಯಲ್ಲಿ ಒಂದು ಚಿಕ್ಕ ಬಾಟಲಿ ಕಳಿಸಿದರೆ ಸಾಕು. ಮುಚ್ಚಳ ಗಟ್ಟಿ ಹಾಕು, ಕಳೆದ ಸಲ ಎರಡು ಸೀರೆಯ ಜೊತೆ ನನ್ನ ಮಾನವೂ ಎಣ್ಣೆಯಾಗಿತ್ತು.

ಅಪ್ಪನಿಗೆ ನಮಸ್ಕಾರ ಹೇಳು.

ನಿನ್ನ ಮಗಳು