ನಮ್ಮ ಹಳ್ಳದ ಮೀನಿಗೂ ಪುಸ್ತಕದಲ್ಲಿ ಒಂದು ಸಾಲು ಕೊಡಿ: ಅರಣ್ಯ ಸಚಿವರಿಗೆ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಅರಣ್ಯ, ಜೀವಿಶಾಸ್ತ್ರ ಮತ್ತು ಪರಿಸರ ಸಚಿವರಿಗೆ,

ನಮಸ್ಕಾರ.

ನಾನು ಶರಾವತಿ ಕಣಿವೆಯ ಒಬ್ಬ ಅಡಿಕೆ ಬೆಳೆಗಾರ. ನಮ್ಮ ತೋಟದ ಬುಡದಲ್ಲಿ ಒಂದು ಹಳ್ಳ ಹರಿಯುತ್ತದೆ. ನಕ್ಷೆಯಲ್ಲಿ ಅದಕ್ಕೊಂದು ನೀಲಿ ಗೆರೆ ಇದೆ, ಹೆಸರಿಲ್ಲ. ನಾವು ಸುಮ್ನೆ ಕೆಳಗಿನ ಹಳ್ಳ ಅಂತೀವಿ. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ, ದೀಪಾವಳಿಯಿಂದ ಶಿವರಾತ್ರಿವರೆಗೆ, ಕೊಯ್ಲಿನ ನಡುವೆ ಬಿಡುವು ಸಿಕ್ಕ ಭಾನುವಾರಗಳಲ್ಲಿ ನಾನೂ ನನ್ನ ಮಗಳೂ ಈ ಹಳ್ಳ ಹಿಡಿದು ಮೇಲಕ್ಕೆ ನಡೆಯುತ್ತೇವೆ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ ದಾಟಿ ಕಾನಿನ, ಅಂದರೆ ದಟ್ಟ ಕಾಡಿನ, ಅಂಚಿನವರೆಗೆ ಹೋಗುತ್ತೇವೆ. ಮೀನು ಹಿಡಿಯಲು ಅಲ್ಲ, ನೋಡಲು. ನೀರಿನ ಗಿಡಗಳನ್ನೂ ನೋಡುತ್ತೇವೆ. ಕಂಡದ್ದನ್ನೆಲ್ಲ ಮಗಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ. ಇದು ಶುರುವಾಗಿ ಒಂಬತ್ತು ವರ್ಷ ಆಯಿತು.

ಹೋದ ವರ್ಷ ಒಂದು ಯೋಚನೆ ಬಂತು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಮರ, ಪ್ರಾಣಿ, ಮೀನು ಎಲ್ಲವನ್ನೂ ಊರವರನ್ನೇ ಕೇಳಿ ಆ ಸಮಿತಿ ದಾಖಲೆ ಮಾಡಬೇಕು. ಅದಕ್ಕೆ ಜನತಾ ಜೀವವೈವಿಧ್ಯ ದಾಖಲಾತಿ ಎಂದು ಹೆಸರು. ನಮ್ಮ ಹಳ್ಳದ ಬಗ್ಗೆ ಅದರಲ್ಲಿ ಏನಿದೆ ನೋಡೋಣ ಎಂದು ಪಂಚಾಯಿತಿಗೆ ಹೋದೆ. ಬೀರುವಿನಿಂದ ಪುಸ್ತಕ ತೆಗೆದುಕೊಟ್ಟರು. ಮರಗಳ ಪಟ್ಟಿ ಪರವಾಗಿಲ್ಲ ಅನ್ನುವ ಹಾಗಿತ್ತು. ಮೀನಿನ ಪುಟಕ್ಕೆ ಬಂದಾಗ ಮೂರೇ ಹೆಸರು: ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ.

ಮಾನ್ಯರೇ, ಈ ಮೂರೂ ನಮ್ಮ ಮೀನುಗಳಲ್ಲ. ಕಾಟ್ಲಾ, ರೋಹು ಉತ್ತರದ ಗಂಗಾ ಬಯಲಿನವು. ಗೆಂಡೆ ಹೊರದೇಶದಿಂದ ಬಂದದ್ದು. ಮರಿ ತಂದು ಕೆರೆಗೆ ಬಿಟ್ಟು ಸಾಕುವ ಮೀನುಗಳಿವು. ಹಳ್ಳದಲ್ಲಿ ತಾವಾಗಿಯೇ ಹುಟ್ಟಿ ಬೆಳೆಯುವ ಒಂದೇ ಒಂದು ಮೀನಿನ ಹೆಸರೂ ಅಲ್ಲಿರಲಿಲ್ಲ. ನೀರಿನ ಗಿಡಗಳಿಗಂತೂ ಪುಟವೇ ಇರಲಿಲ್ಲ. ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಯಾರೂ ನೀರಿಗೆ ಇಳಿದಿಲ್ಲ, ಇಳಿಯಿರಿ ಎಂದು ಅವರಿಗೆ ಯಾರೂ ಹೇಳಿಯೂ ಇಲ್ಲ. ಅದಕ್ಕೇ ಈ ಪತ್ರ.

ಹಳ್ಳದಲ್ಲಿ ಮೀನು ನೋಡುವುದಕ್ಕೆ ಒಂದು ಕ್ರಮ ಇದೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬಿಸಿಲು ಮರಗಳ ಸಂದಿಯಿಂದ ಗುಂಡಿಗೆ ಇಳಿಯುತ್ತದೆ. ಆಗ ಬಂಡೆಯ ಮೇಲೆ ಅಂಗಾತ ಅಲ್ಲ, ಬೋರಲು ಮಲಗಬೇಕು. ನಮ್ಮ ನೆರಳು ನೀರಿಗೆ ಬೀಳಬಾರದು. ಐದು ನಿಮಿಷ ಏನೂ ಕಾಣುವುದಿಲ್ಲ. ಆಮೇಲೆ ಕಲ್ಲೇ ಅಲುಗಾಡಿದ ಹಾಗೆ ಆಗುತ್ತದೆ. ಅದು ಗಾರ್ರಾ ಎಂಬ ಮೀನು. ಗದ್ದದ ಕೆಳಗಿನ ಬಟ್ಟಲಿನಂಥ ಅಂಗದಿಂದ ಕಲ್ಲಿಗೆ ಕಚ್ಚಿಕೊಂಡು, ಎಷ್ಟೇ ಸೆಳೆತ ಇದ್ದರೂ ಜಾರದೆ, ಪಾಚಿ ಕೆರೆದು ತಿನ್ನುತ್ತದೆ. ಅದು ತಿಂದ ಜಾಗ ಬೆರಳಿನಿಂದ ಒರೆಸಿದ ಹಾಗೆ ಕಾಣುತ್ತದೆ. ಗುಂಡಿಯ ನಡುವೆ ಹಿಂಡಾಗಿ ತಿರುಗುವ ಮೀನುಗಳಿಗೆ ಬಾಲದ ಹತ್ತಿರ ಕಪ್ಪು ಬೊಟ್ಟು. ಅವುಗಳಲ್ಲಿ ಬಲಿತ ಗಂಡಿನ ಬೆನ್ನಿನ ಈಜುರೆಕ್ಕೆಯಿಂದ ದಾರದಂಥ ಎಳೆಗಳು ಹೊರಟು ನೀರಿನಲ್ಲಿ ತೇಲುತ್ತಿರುತ್ತವೆ. ತಳದ ಮರಳು, ಹರಳಿನ ನಡುವೆ ಬೆರಳುದ್ದದ ಇನ್ನೊಂದು ಮೀನಿದೆ, ಮೈ ತುಂಬ ಅಡ್ಡ ಪಟ್ಟೆ. ಮಗಳು ಅದಕ್ಕೆ ಹುಲಿಮರಿ ಎಂದು ಹೆಸರಿಟ್ಟಿದ್ದಾಳೆ.

ಇಂಥ ಪಟ್ಟೆ ಮೀನಿನದೇ ಕುಲದ ಒಂದು ಜಾತಿಗೆ ನಮ್ಮ ನಾಗೋಡಿ ಊರಿನ ಹೆಸರಿದೆ, ಸ್ಕಿಸ್ಟುರಾ ನಾಗೋಡಿಯೆನ್ಸಿಸ್. 2006ರಲ್ಲಿ ವಿಜ್ಞಾನಿಗಳು ಅದನ್ನು ಹೊಸ ಜಾತಿ ಎಂದು ಗುರುತಿಸಿದರು. ಅದಕ್ಕೆ ಎರಡು ವರ್ಷ ಮೊದಲು, 2004ರಲ್ಲಿ, ಒಂದು ಪುಟ್ಟ ಮೀಸೆ ಮೀನಿಗೆ ನಮ್ಮ ಹೊಳೆಯ ಹೆಸರನ್ನೇ ಕೊಟ್ಟು ಬಟಾಸಿಯೊ ಶರಾವತಿಯೆನ್ಸಿಸ್ ಎಂದು ಕರೆದರು. ಅಣೆಕಟ್ಟು ಕಟ್ಟಿ 40 ವರ್ಷ ಆದ ಮೇಲೂ ಈ ಕಣಿವೆಯಲ್ಲಿ ಜಗತ್ತಿಗೆ ಹೊಸದಾದ ಮೀನು ಸಿಕ್ಕಿತು. ನೋಡದೆ ಬಿಟ್ಟ ಹಳ್ಳಗಳಲ್ಲಿ ಇನ್ನೂ ಏನೇನಿದೆಯೋ, ಅಲ್ವಾ?

ಗಿಡಗಳ ವಿಷಯಕ್ಕೆ ಬರುತ್ತೇನೆ. ಕ್ರಿಪ್ಟೊಕೊರೈನೆ ಎಂಬ ಗಿಡ ಇದೆ. ಅಕ್ವೇರಿಯಂ ಇಟ್ಟವರಿಗೆ ಈ ಹೆಸರು ಚೆನ್ನಾಗಿ ಗೊತ್ತು. ನಮಗೆ ಅದು ಹಳ್ಳದ ಹುಲ್ಲು, ಅಷ್ಟೇ. ಆದರೆ ಅದು ಹುಲ್ಲಲ್ಲ, ಪತ್ರೊಡೆಯ ಕೆಸುವಿನ ನೆಂಟ. ಮಳೆಗಾಲವಿಡೀ ಉದ್ದ ಎಲೆಗಳನ್ನು ನೀರೊಳಗೆ ಚಾಚಿಕೊಂಡು ಬದುಕುತ್ತದೆ. ನೀರು ಇಳಿದು ಬುಡ ಗಾಳಿಗೆ ತೆರೆದುಕೊಂಡಾಗ ಹೂ ಬಿಡುತ್ತದೆ. ಮೊದಲ ಸಲ ನೋಡಿದಾಗ ಯಾರೋ ಕೆಂಪು ರಿಬ್ಬನ್ ತಿರುಚಿ ಮರಳಿಗೆ ಚುಚ್ಚಿಟ್ಟಿದ್ದಾರೆ ಅನ್ನಿಸಿತ್ತು. ಮಂಡಿಯೂರಿ ನೋಡಿದರೆ ಆ ರಿಬ್ಬನ್ನಿನ ಕೆಳಗೆ ಸಣ್ಣ ಕೊಳವೆ, ಕೊಳವೆಯ ತಳದಲ್ಲಿ ನಿಜವಾದ ಹೂಗಳು. ಚಿಕ್ಕ ನೊಣಗಳು ಒಳಗಿಳಿದು ಪರಾಗ ಮುಟ್ಟಿಸುತ್ತವೆ. ಅಂದರೆ ಈ ಗಿಡಕ್ಕೆ ನೀರು ತುಂಬುವುದೂ ಬೇಕು, ಇಳಿಯುವುದೂ ಬೇಕು, ಎರಡೂ ತನ್ನ ತನ್ನ ಹೊತ್ತಿಗೇ ಆಗಬೇಕು. ಹಳ್ಳಕ್ಕೆ ಅಡ್ಡ ಕಟ್ಟೆ ಹಾಕಿ ವರ್ಷವಿಡೀ ನೀರು ನಿಲ್ಲಿಸಿದರೆ ಗಿಡ ಸಾಯದೆ ಇರಬಹುದು, ಆದರೆ ಹೂ ಬಿಡುವುದಕ್ಕೆ ಅವಕಾಶವೇ ಇಲ್ಲ.

ನೀರಿನ ಹರಿವು ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಜೋಗದಲ್ಲೇ ಒಂದು ಉದಾಹರಣೆ ಇದೆ. 1919ರಲ್ಲಿ ಜಲಪಾತದ ತುಂತುರಿನಲ್ಲಿ ಬೆಳೆಯುವ ಒಂದು ಹುಲ್ಲನ್ನು ಅಲ್ಲಿ ಸಂಗ್ರಹಿಸಿದ್ದರು. 1951ರಲ್ಲಿ ಅದಕ್ಕೆ ಹಬಾರ್ಡಿಯಾ ಹೆಪ್ಟಾನ್ಯೂರಾನ್ ಎಂಬ ಹೆಸರು ಬಂತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ವರ್ಷದ ಬಹುಪಾಲು ದಿನ ತುಂತುರು ನಿಂತಿತು. ಹುಲ್ಲು ಜೋಗದಲ್ಲಿ ಮತ್ತೆ ಸಿಗಲಿಲ್ಲ. ಭೂಮಿಯಿಂದಲೇ ಹೋಯಿತು ಎಂದುಕೊಂಡಿದ್ದವರಿಗೆ 2002ರಲ್ಲಿ ಅದು ಮಹಾರಾಷ್ಟ್ರದ ತಿಲ್ಲಾರಿಯಲ್ಲಿ ಕಂಡಿತು. ನಮ್ಮೂರ ಹುಲ್ಲು ನೋಡಲು ನಾವೀಗ ಪಕ್ಕದ ರಾಜ್ಯಕ್ಕೆ ಹೋಗಬೇಕು. ಯಾರೋ ಒಬ್ಬರು 1919ರಲ್ಲಿ ಅದನ್ನು ಕಿತ್ತು ಒಣಗಿಸಿ ಇಟ್ಟಿದ್ದಕ್ಕೆ, ಕಳೆದುಕೊಂಡದ್ದು ಏನು ಅಂತಲಾದರೂ ಗೊತ್ತಾಯಿತು. ಬರೆದಿಡದೆ ಹೋದ ಹುಲ್ಲುಗಳ ಲೆಕ್ಕ ಯಾರ ಹತ್ತಿರವೂ ಇಲ್ಲ.

ಕೆಳಗಿನ ಜಲಾಶಯದ ನೀರನ್ನು ಮೇಲಕ್ಕೆತ್ತಿ ಮತ್ತೆ ಇಳಿಸಿ ವಿದ್ಯುತ್ ತಯಾರಿಸುವ 2000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಬಗ್ಗೆ ಜಿಲ್ಲೆಯಲ್ಲೆಲ್ಲ ಮಾತು ನಡೆದಿದೆ. ಅದಕ್ಕೆ ನನ್ನ ವಿರೋಧ ಇದೆ. ಆದರೆ ಈ ಪತ್ರ ಅದರ ಬಗ್ಗೆ ಅಲ್ಲ. ದೊಡ್ಡ ಯೋಜನೆ ಬಂದಾಗ ಪರಿಣಾಮದ ವರದಿ ಬರೆಯುತ್ತಾರೆ, ಸಭೆ ಮಾಡುತ್ತಾರೆ, ನಾವು ಹೋಗಿ ಮಾತಾಡುತ್ತೇವೆ. ಸಣ್ಣ ಹಳ್ಳ ಹಾಳಾಗುವುದು ಸಣ್ಣ ಕೆಲಸಗಳಿಂದ. ಅದಕ್ಕೆ ವರದಿಯೂ ಇಲ್ಲ, ಸಭೆಯೂ ಇಲ್ಲ.

ಒಂದು ಮೋರಿಯ ಕಥೆ ಹೇಳುತ್ತೇನೆ. ಮೂರು ವರ್ಷದ ಹಿಂದೆ ನಮ್ಮೂರ ರಸ್ತೆ ಅಗಲ ಮಾಡಿದರು. ಹಳ್ಳ ದಾಟುವಲ್ಲಿ ಹಳೆಯ ಕಲ್ಲುಚಪ್ಪಡಿಯ ಸಂಕ ತೆಗೆದು ಸಿಮೆಂಟ್ ಪೈಪಿನ ಮೋರಿ ಹಾಕಿದರು. ಪೈಪಿನ ಬಾಯಿ ಹಳ್ಳದ ತಳಕ್ಕಿಂತ ಒಂದೂವರೆ ಮೊಳ ಎತ್ತರದಲ್ಲಿದೆ. ರಸ್ತೆಯ ಲೆಕ್ಕದಲ್ಲಿ ಅದರಲ್ಲಿ ತಪ್ಪೇನಿಲ್ಲ, ನೀರು ಹೋಗುತ್ತದೆ. ಆದರೆ ಮಲೆನಾಡಿನವರಿಗೆ ಹತ್ತುಮೀನು ಗೊತ್ತಲ್ಲ. ಮೃಗಶಿರ ಮಳೆ ಹಿಡಿದು ಮೊದಲ ಕೆಂಪು ನೀರು ಇಳಿದ ರಾತ್ರಿ ಹೊಳೆಯ ಮೀನುಗಳು ಮೊಟ್ಟೆ ಇಡಲು ಹಳ್ಳ, ಗದ್ದೆಗಳತ್ತ ಏರಿ ಬರುತ್ತವೆ. ಆ ವರ್ಷ ಜೂನ್‌ನಲ್ಲಿ ನಾವು ಟಾರ್ಚ್ ಹಿಡಿದು ಹೋದಾಗ ಮೋರಿಯ ಕೆಳಗೆ ಮೀನುಗಳು ಹಾರಿ ಹಾರಿ ಸಿಮೆಂಟಿಗೆ ಬಡಿದುಕೊಳ್ಳುತ್ತಿದ್ದವು. ಹೊಟ್ಟೆ ತುಂಬ ಮೊಟ್ಟೆ. ಒಂದೂ ಮೇಲೆ ಹೋಗಲಿಲ್ಲ. ಬುಟ್ಟಿ ತಂದವರಿಗೆ ಅವತ್ತು ಬಾಚಿದಷ್ಟು ಸಿಕ್ಕಿತು. ಮಗಳು ಅಳುತ್ತಲೇ ಒಂದು ಬಕೆಟ್‌ನಲ್ಲಿ ಕೆಲವನ್ನು ತುಂಬಿಕೊಂಡು ರಸ್ತೆ ದಾಟಿಸಿ ಮೇಲಿನ ನೀರಿಗೆ ಬಿಟ್ಟಳು. ಈಗ ಪ್ರತಿ ವರ್ಷ ಬಿಡುತ್ತಾಳೆ. ಪೈಪನ್ನು ಹಳ್ಳದ ತಳಕ್ಕಿಂತ ಸ್ವಲ್ಪ ಕೆಳಗೆ ಕೂರಿಸಿದ್ದರೆ ಸಾಕಿತ್ತು, ಖರ್ಚೂ ಜಾಸ್ತಿ ಆಗುತ್ತಿರಲಿಲ್ಲ. ಪಂಚಾಯಿತಿಯ ಪುಸ್ತಕದಲ್ಲಿ ಈ ಹಳ್ಳದಲ್ಲಿ ಮೀನು ಹತ್ತುತ್ತದೆ ಎಂಬ ಒಂದು ಸಾಲು ಇದ್ದಿದ್ದರೆ, ಅದನ್ನು ತೋರಿಸಿ ಕೇಳುವುದಕ್ಕೆ ನನಗೊಂದು ಆಧಾರ ಇರುತ್ತಿತ್ತು. ಬರೀ ಬಾಯಿಮಾತಿಗೆ ಯಾರು ಕಿವಿ ಕೊಡುತ್ತಾರೆ?

ನಮ್ಮ ತಪ್ಪೂ ಇದೆ, ಅದನ್ನು ಹೇಳದೆ ಬಿಡಬಾರದು. ಅಡಿಕೆ ಕೊಳೆರೋಗಕ್ಕೆ ಮೈಲುತುತ್ತದ ಬೋರ್ಡೊ ದ್ರಾವಣ ಹೊಡೆದು ಡ್ರಮ್ಮನ್ನು ಹಳ್ಳದಲ್ಲೇ ತೊಳೆಯುತ್ತಿದ್ದೆವು. ತಾಮ್ರ ಮೀನಿಗೆ ವಿಷ. ನಾನೂ ಬಹಳ ವರ್ಷ ಹಾಗೇ ಮಾಡಿದ್ದೇನೆ. ಈಗ ತೋಟದಲ್ಲೇ ಗುಂಡಿ ತೆಗೆದು ಅಲ್ಲಿ ತೊಳೆಯುತ್ತೇವೆ. ತೋಟ ವಿಸ್ತರಿಸುವಾಗ ಹಳ್ಳದ ದಂಡೆಯ ಮುಂಡಿಗೆ, ಕಾಡುಮರಗಳನ್ನು ಕಡಿದವರೂ ನಾವೇ. ನೆರಳು ಹೋದ ಜಾಗದಲ್ಲಿ ನೀರು ಬಿಸಿಯಾಗುತ್ತದೆ, ಗಾರ್ರಾ ಅಲ್ಲಿ ನಮಗೆ ಕಂಡೇ ಇಲ್ಲ. ನಾವು ಉಪ್ಪಿನಕಾಯಿಗೆ ಪ್ರಾಣ ಬಿಡುವ ಅಪ್ಪೆಮಿಡಿಯ ಕಾಡು ಮರಗಳೂ ಇಂಥ ಹೊಳೆ, ಹಳ್ಳದ ಅಂಚಿನವೇ. ಇನ್ನು ಬ್ಲೀಚಿಂಗ್ ಪೌಡರ್ ಸುರಿಯುವವರು, ಸಿಡಿಮದ್ದು ಎಸೆಯುವವರು ಇದ್ದಾರೆ. ಅದು ತಪ್ಪು ಎಂದು 1897ರ ಮೀನುಗಾರಿಕೆ ಕಾಯ್ದೆಯೇ ಹೇಳಿತ್ತು. ದಕ್ಷಿಣ ಕನ್ನಡದ ಶಿಶಿಲದಲ್ಲಿ ದೇವರ ಮೀನು ಎಂದು ಜನ ಕೈ ಮುಗಿಯುವ ಕಪಿಲಾ ನದಿಗೇ 1996ರಲ್ಲಿ ವಿಷ ಹಾಕಿದ್ದರು. ಸತ್ತ ಮೀನುಗಳಿಗೆ ಅಲ್ಲಿ ಸ್ಮಾರಕ ಇದೆ. ದೇವಸ್ಥಾನದ ಮೀನಿಗೇ ಈ ಗತಿ ಬಂದರೆ ಕಾನಿನ ಹಳ್ಳದ ಬೆರಳುದ್ದದ ಮೀನನ್ನು ಕೇಳುವವರು ಯಾರು?

ನನ್ನ ಕೋರಿಕೆ ಇಷ್ಟು. ಮಲೆನಾಡು, ಕರಾವಳಿಯ ಪಂಚಾಯಿತಿಗಳಲ್ಲಿ ಈ ದಾಖಲಾತಿಯ ಮೀನು ಮತ್ತು ನೀರಿನ ಗಿಡಗಳ ಭಾಗವನ್ನು ಮತ್ತೆ ಬರೆಸಿ. ಜೀವವೈವಿಧ್ಯ ಮಂಡಳಿ ತಮ್ಮ ಇಲಾಖೆಯಲ್ಲೇ ಇದೆ. ಬರೆಯುವವರು ಒಂದು ಸಲ ಮೃಗಶಿರ ಮಳೆಯಲ್ಲಿ, ಇನ್ನೊಂದು ಸಲ ನೀರು ತಿಳಿಯಾದ ಮೇಲೆ ಹಳ್ಳಕ್ಕೆ ಬರಲಿ. ಮೀನು ಗೊತ್ತಿರುವ ಒಬ್ಬ ಅಧ್ಯಾಪಕರು, ಗಿಡ ಗೊತ್ತಿರುವ ಒಬ್ಬರು, ಜೊತೆಗೆ ಊರಲ್ಲಿ ಕೂಳಿ, ಅಂದರೆ ಮೀನು ಹಿಡಿಯುವ ಬುಟ್ಟಿ, ಹಾಕಿ ಗೊತ್ತಿರುವ ಹಿರಿಯರು ಇರಲಿ. ಯಾವ ಗುಂಡಿ ಬೇಸಿಗೆಯಲ್ಲೂ ಬತ್ತುವುದಿಲ್ಲ, ಯಾವ ಮೀನು ಯಾವ ಮಳೆಗೆ ಹತ್ತುತ್ತದೆ ಎಂಬುದು ಆ ಹಿರಿಯರಿಗೇ ಗೊತ್ತು. ಅವರೂ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಹಾಗೆ ಬರೆದ ಪುಸ್ತಕವನ್ನು ನೋಡದೆ ಹಳ್ಳಕ್ಕೆ ಮೋರಿ, ಕಟ್ಟೆ, ತಡೆಗೋಡೆ ಯಾವುದಕ್ಕೂ ಒಪ್ಪಿಗೆ ಕೊಡದ ಹಾಗೆ ಒಂದು ಸುತ್ತೋಲೆ ಬರಲಿ.

ಒಂದು ಎಚ್ಚರಿಕೆ ಬೇಕು. ಯಾವ ಜಾತಿ ಯಾವ ಗುಂಡಿಯಲ್ಲಿದೆ ಎಂಬುದು ಎಲ್ಲರಿಗೂ ಸಿಗಬಾರದು. ಮಿಸ್ ಕೇರಳ ಎಂದು ಹೆಸರಾದ ಕೆಂಪು ಗೆರೆಯ ಮೀನು ಕೇರಳದ ಮತ್ತು ನಮ್ಮ ದಕ್ಷಿಣ ಭಾಗದ ಹೊಳೆಗಳದ್ದು. ವಿದೇಶದ ಗಾಜಿನ ತೊಟ್ಟಿಗಳಿಗಾಗಿ ಕಾಡಿನ ಹೊಳೆಗಳಿಂದಲೇ ಹಿಡಿದು ಹಿಡಿದು ಮಾರಿದರು. ಇವತ್ತು ಅದು ಅಳಿವಿನಂಚಿನ ಪಟ್ಟಿಯಲ್ಲಿದೆ. ಹೆಸರು ಪುಸ್ತಕದಲ್ಲಿರಲಿ, ಜಾಗದ ಗುರುತು ಸಮಿತಿಯ ಕಪಾಟಿನಲ್ಲಿರಲಿ.

ನಮ್ಮ ನೋಟ್‌ಬುಕ್ಕಿನ ಜೆರಾಕ್ಸ್ ಪ್ರತಿಯನ್ನು ತಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಒಂಬತ್ತು ವರ್ಷದಲ್ಲಿ 23 ಬಗೆಯ ಮೀನು ಕಂಡಿದ್ದೇವೆ. ನಮಗೆ ಹೆಸರು ಸಿಕ್ಕಿದ್ದು 9ಕ್ಕೆ. ಉಳಿದ 14ಕ್ಕೆ ಮಗಳು ಚಿತ್ರ ಬರೆದು ಪಕ್ಕದಲ್ಲಿ ಜಾಗ ಖಾಲಿ ಬಿಟ್ಟಿದ್ದಾಳೆ. ಹೆಸರು ಹೇಳಬಲ್ಲವರನ್ನು ದಯವಿಟ್ಟು ಕಳಿಸಿಕೊಡಿ. ದೀಪಾವಳಿ ಕಳೆದ ಮೇಲೆ ಬಂದರೆ ಒಳ್ಳೆಯದು, ಬೆಳಿಗ್ಗೆ ಒಂಬತ್ತರೊಳಗೆ ಬಂಡೆಯ ಹತ್ತಿರ ಇರಬೇಕು. ಉಳಿಯುವುದಕ್ಕೆ ನಮ್ಮ ಮನೆ ಇದೆ.

ಇಂತಿ ತಮ್ಮ ವಿಶ್ವಾಸಿ,
ಶರಾವತಿ ಕಣಿವೆಯ ಒಬ್ಬ ಅಡಿಕೆ ಬೆಳೆಗಾರ