ಸೀಟಿನ ಎತ್ತರ ಮೊದಲು, ಸಿಸಿ ಆಮೇಲೆ

ಮಾನ್ಯ ಸಂಪಾದಕರೇ,

ಮಣ್ಣು ದಾರಿಗೂ ಆಗುವ ಎತ್ತರದ ಹೊಸ ಅಡ್ವೆಂಚರ್ ಬೈಕ್ ಮಾರುಕಟ್ಟೆಗೆ ಬಂದಾಗ ಪತ್ರಿಕೆಗಳ ವಾಹನ ಪುಟದಲ್ಲಿ ಸಿಸಿ, ಪಿಎಸ್ (ಎಂಜಿನ್ನಿನ ಶಕ್ತಿ), ಶೋರೂಂ ಬೆಲೆ ಮೂರೂ ತಪ್ಪದೆ ಬರುತ್ತವೆ. ಸೀಟು ನೆಲದಿಂದ ಎಷ್ಟು ಎತ್ತರ, ಪೆಟ್ರೋಲ್ ತುಂಬಿದ ಗಾಡಿಯ ತೂಕ ಎಷ್ಟು, ಚಕ್ರದಲ್ಲಿ ಟ್ಯೂಬ್ ಇದೆಯೋ ಇಲ್ಲವೋ ಎಂಬುದು ಎಷ್ಟೋ ಸಲ ಬಿಟ್ಟುಹೋಗಿರುತ್ತದೆ. ಸಾಲ ಮಾಡಿ ಗಾಡಿ ತರುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಮೊದಲು ಬೇಕಾದದ್ದು ಈ ಮೂರು ವಿವರ. ಅವನ್ನು ತಮ್ಮ ಮೈಕಟ್ಟಿಗೂ ಇಲ್ಲಿನ ರಸ್ತೆಗೂ ಹೊಂದಿಸಿ ಓದುವುದು ಹೇಗೆಂದು ಈ ಪತ್ರ ಬರೆಯುತ್ತಿದ್ದೇವೆ. ಉದ್ದವಾದರೆ ಕ್ಷಮಿಸಿ, ವಿಷಯ ಅಷ್ಟಿದೆ.

ಎತ್ತರದ ಬೈಕ್ ಹೆಚ್ಚಾಗಿ ಬೀಳುವುದು ನಿಲ್ಲಿಸುವ ಗಳಿಗೆಯಲ್ಲಿ. ದಾವಣಗೆರೆ ಕಡೆಯ ಭದ್ರಾ ನಾಲೆ ಏರಿಯ ದಾರಿಯನ್ನೇ ನೋಡಿ. ನಡುವೆ ಚಕ್ರದ ಜಾಡು, ಪಕ್ಕದಲ್ಲಿ ಇಳಿಜಾರು. ಎದುರು ಟ್ರ್ಯಾಕ್ಟರ್ ಬಂತೆಂದು ಅಂಚಿಗೆ ಸರಿದು ಎಡಗಾಲು ಊರಲು ಹೋದರೆ ಅಲ್ಲಿ ನೆಲ ಚಕ್ರಕ್ಕಿಂತ ನಾಲ್ಕು ಬೆರಳು ಕೆಳಗಿರುತ್ತದೆ. ಸಮನೆಲದಲ್ಲಿ ಕಾಲ್ಬೆರಳ ತುದಿ ಮಾತ್ರ ತಾಗುತ್ತಿದ್ದವರಿಗೆ ಅಲ್ಲಿ ಏನೂ ತಾಗುವುದಿಲ್ಲ. ಗಾಡಿ ಒಂದು ಹದ ಮೀರಿ ವಾಲಿದರೆ ಎಂಥ ಗಟ್ಟಿಗರ ಕಾಲೂ ಅದನ್ನು ತಡೆಯಲಾರದು. ಡಾಂಬರಿನ ಅಂಚು ಕಿತ್ತುಹೋದ ಹಳ್ಳಿ ರಸ್ತೆಯಲ್ಲೂ, ಗರಸು ಚೆಲ್ಲಿದ ತಿರುವಿನಲ್ಲೂ ಆಗುವುದು ಇದೇ. ಹ್ಯಾಂಡಲ್ ತಿರುಗಿದ್ದಾಗ ಮುಂದಿನ ಬ್ರೇಕ್ ಹಿಡಿಯುವುದು ಇನ್ನೊಂದು ಕಾರಣ. ಗಾಡಿ ನಿಲ್ಲುವ ಕೊನೆಯ ಎರಡು ಮಾರು ಹ್ಯಾಂಡಲ್ ನೆಟ್ಟಗಿರಬೇಕು, ಬಲಗಾಲು ಹಿಂದಿನ ಬ್ರೇಕ್ ಮೇಲಿರಬೇಕು, ಎಡಗಾಲು ಎಲ್ಲಿ ಊರಬೇಕೆಂದು ಕಣ್ಣು ಮೊದಲೇ ನೋಡಿರಬೇಕು. ರಸ್ತೆ ಎಡಕ್ಕೆ ವಾಲಿದ್ದರೆ ಕೊನೆಯ ಗಳಿಗೆಗೆ ಮುಂದಿನ ಬ್ರೇಕಿಗೆ ಬದಲಾಯಿಸಿ, ಎತ್ತರದ ಬದಿಯ ಬಲಗಾಲು ಊರಬೇಕು.

ಇಷ್ಟಾದರೂ ಕಾಲು ಎಟುಕಬೇಕಲ್ಲ, ಅದಕ್ಕೆ ಮೊದಲು ಅಳತೆ. ಐದಡಿ ಐದಿಂಚು, ಐದಡಿ ಎಂಟಿಂಚು ಎಂಬ ಲೆಕ್ಕ ಇಲ್ಲಿ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ. ಒಂದೇ ಎತ್ತರದ ಇಬ್ಬರಲ್ಲಿ ಒಳಗಾಲಿನ ಉದ್ದ ಮೂರು ನಾಲ್ಕು ಸೆಂ.ಮೀ. ವ್ಯತ್ಯಾಸವಾಗಬಹುದು. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ದಪ್ಪ ರಟ್ಟಿನ ಪುಸ್ತಕವೊಂದನ್ನು ತೊಡೆಸಂದಿಗೆ ಒತ್ತಿ ಮೇಲಕ್ಕೆ ಹಿಡಿಯಿರಿ, ಅದರ ಒಂದು ಅಂಚು ಗೋಡೆಗೆ ತಾಗಿರಲಿ. ಪುಸ್ತಕದ ಮೇಲಂಚಿನಿಂದ ನೆಲಕ್ಕೆ ಇನ್ನೊಬ್ಬರು ಟೇಪ್ ಹಿಡಿಯಲಿ. ಮೂರು ಸಲ ಅಳೆದು ನಡುವಿನ ಅಂಕಿ ಇಟ್ಟುಕೊಳ್ಳಿ. ಐದಡಿ ಐದಿಂಚಿನ ಹೆಚ್ಚಿನವರಿಗೆ ಇದು 74ರಿಂದ 77 ಸೆಂ.ಮೀ. ಒಳಗೆ ಬರುತ್ತದೆ.

75 ಸೆಂ.ಮೀ. ಎಂದಿಟ್ಟುಕೊಳ್ಳೋಣ, ಅಂದರೆ 750 ಮಿ.ಮೀ. ಬೂಟಿನ ಅಟ್ಟೆ 30 ಸೇರಿಸಿದರೆ 780. ಸೀಟಿನ ಅಗಲಕ್ಕೆ ಕಾಲು ಹೊರಕ್ಕೆ ಚಾಚಿಕೊಳ್ಳುವುದರಿಂದ 45 ಕಳೆದರೆ 735. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ರ ಸೀಟು 825 ಮಿ.ಮೀ. ಗಾಡಿ ತನ್ನ ತೂಕಕ್ಕೇ ಕುಗ್ಗಿದ್ದರ ಮೇಲೆ, ಸವಾರ ಕೂತಾಗ ಸ್ಪ್ರಿಂಗ್ ಇನ್ನೂ 35 ಮಿ.ಮೀ.ನಷ್ಟು ಕುಗ್ಗಿ ಅದು 790ಕ್ಕೆ ಬರುತ್ತದೆ. 790ಕ್ಕೂ 735ಕ್ಕೂ ಇರುವ ಅಂತರ 55 ಮಿ.ಮೀ. ಎರಡೂ ಹಿಮ್ಮಡಿ ಅಷ್ಟು ಎದ್ದಿರುತ್ತವೆ, ಪಾದದ ಮುಂಭಾಗ ಗಟ್ಟಿಯಾಗಿ ಊರಿರುತ್ತದೆ. ಸೊಂಟ ಸ್ವಲ್ಪ ಎಡಕ್ಕೆ ಸರಿಸಿದರೆ ಒಂದು ಪಾದ ಪೂರ್ತಿ ಕೂರುತ್ತದೆ. ಇಷ್ಟು ಸಾಕು. ಎರಡೂ ಪಾದ ಪೂರ್ತಿ ಊರಲೇಬೇಕೆಂಬ ಹಟ ಬೇಡ. ಇದೇ ಕಾಲಿನವರು ಹೀರೋ ಎಕ್ಸ್‌ಪಲ್ಸ್ 200ರ ಪ್ರೊ ಮಾದರಿ ಹತ್ತಿದರೆ ಅದರ ಸೀಟು 891 ಮಿ.ಮೀ. ಸ್ಪ್ರಿಂಗ್ ಹೆಚ್ಚು ಕುಗ್ಗುತ್ತದೆ, ಸೀಟು ತೆಳುವಾಗಿದೆ ಎಂದು ರಿಯಾಯಿತಿ ಕೊಟ್ಟರೂ 80, 90 ಮಿ.ಮೀ. ಅಂತರ ಉಳಿಯುತ್ತದೆ. ಅದು ಕಾಡು ಮೇಡಲ್ಲಿ ನಿಂತೇ ಓಡಿಸುವ ನುರಿತವರ ಗಾಡಿ. ಎಕ್ಸ್‌ಪಲ್ಸ್ 200 4ವಿಯ ಮಾಮೂಲಿ ಮಾದರಿ ಬೇರೆ, ಅದು 825. ಹೆಸರು ಒಂದೇ ಎಂದು ಎರಡನ್ನೂ ಒಂದೇ ತಿಳಿಯಬಾರದು.

ಒಳಗಾಲು 70 ಸೆಂ.ಮೀ. ಆಸುಪಾಸಿನವರು, ನಮ್ಮ ಎಷ್ಟೋ ಹೆಣ್ಣುಮಕ್ಕಳು ಈ ಅಳತೆಯವರು, ನಿರಾಶರಾಗಬೇಕಿಲ್ಲ. ಹಳೆಯ ಹಿಮಾಲಯನ್ 411ರ ಸೀಟು 800 ಮಿ.ಮೀ., ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತದೆ. ಅದೇ ಕಂಪನಿಯ ಸ್ಕ್ರ್ಯಾಮ್ 440ರ ಸೀಟು 795. ಹಿಮಾಲಯನ್ 450ಕ್ಕೆ ಕಂಪನಿಯದೇ ತಗ್ಗು ಸೀಟು ಹಾಕಿಸಿದರೆ 805ಕ್ಕೆ ಇಳಿಯುತ್ತದೆ.

ಎತ್ತರದ ಜೊತೆಗೆ ತೂಕವನ್ನೂ ಇಟ್ಟು ನೋಡದಿದ್ದರೆ ಲೆಕ್ಕ ತಪ್ಪುತ್ತದೆ. ಸುಜುಕಿ ವಿ-ಸ್ಟ್ರೋಮ್ ಎಸ್‌ಎಕ್ಸ್ ಸೀಟು 835 ಮಿ.ಮೀ., ಹಿಮಾಲಯನ್ 450ಕ್ಕಿಂತ 10 ಹೆಚ್ಚು. ತೂಕ 167 ಕೆ.ಜಿ., ಹಿಮಾಲಯನ್‌ನದು 196. ಆ 29 ಕೆ.ಜಿ. ಅಂದರೆ ಅರ್ಧ ಮೂಟೆ ಸಿಮೆಂಟಿಗಿಂತ ಜಾಸ್ತಿ. ಗಾಡಿ ವಾಲಿದಾಗ, ಕೊಟ್ಟಿಗೆಯಿಂದ ಹಿಂದಕ್ಕೆ ತಳ್ಳುವಾಗ, ಎರೆ ಹೊಲದ ದಾರಿಯಲ್ಲಿ ಬಿದ್ದದ್ದನ್ನು ಎತ್ತುವಾಗ ಅದು ಗೊತ್ತಾಗುತ್ತದೆ. ಎಕ್ಸ್‌ಪಲ್ಸ್ 200 ಇನ್ನೂ ಹಗುರ, ಸುಮಾರು 160 ಕೆ.ಜಿ. ಸಣ್ಣ ಮೈಕಟ್ಟಿನ ಹೊಸ ಸವಾರರಿಗೆ 10 ಮಿ.ಮೀ. ತಗ್ಗಿಗಿಂತ 30 ಕೆ.ಜಿ. ಹಗುರವೇ ಹೆಚ್ಚು ಉಪಕಾರಿ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಈಗ ಅತಿ ಮುಖ್ಯವಾದದ್ದು, ಯಾರೂ ಹೇಳದೆ ಬಿಡುವುದು: ಸ್ಯಾಗ್. ಗಾಡಿ ಮೇಲೆ ಕೂತಾಗ ಹಿಂದಿನ ಸಸ್ಪೆನ್ಷನ್ ಎಷ್ಟು ಕುಗ್ಗುತ್ತದೆ ಎಂಬ ಅಳತೆ ಅದು. ಚಕ್ರದ ಒಟ್ಟು ಚಲನೆ 200 ಮಿ.ಮೀ. ಇರುವ ಗಾಡಿಯಲ್ಲಿ ಸವಾರ ಕೂತಾಗ ಅದರ ಶೇ 30ರಷ್ಟು, ಅಂದರೆ 60 ಮಿ.ಮೀ. ಆಸುಪಾಸು ಕುಗ್ಗಿರಬೇಕು. 50, 55 ಕೆ.ಜಿ. ತೂಕದವರು ಕೂತರೆ ಹಲವು ಗಾಡಿಗಳಲ್ಲಿ ಅಷ್ಟು ಕುಗ್ಗುವುದೇ ಇಲ್ಲ. ಗಾಡಿ ಎದ್ದೇ ನಿಂತಿರುತ್ತದೆ, ಕಾಲು ಎಟುಕುವುದಿಲ್ಲ, ಹೊಂಡಕ್ಕೆ ಬಿದ್ದರೆ ಬೆನ್ನಿಗೆ ಹೊಡೆಯುತ್ತದೆ. ಅಳೆಯಲು ಇಬ್ಬರು ಸಹಾಯಕ್ಕೆ ಬೇಕು. ಹಿಂದಿನ ಚಕ್ರ ಗಾಳಿಯಲ್ಲಿ ತೂಗುವಂತೆ ಗಾಡಿ ಎತ್ತಿ, ಆಕ್ಸಲಿನಿಂದ ನೇರ ಮೇಲೆ ಹಿಂಭಾಗದಲ್ಲಿ ಒಂದು ಗುರುತು ಹಾಕಿ ಅಂತರ ಅಳೆಯಿರಿ. ಇದು ಮೊದಲ ಅಂಕಿ. ಗಾಡಿಯನ್ನು ಚಕ್ರದ ಮೇಲೆ ನಿಲ್ಲಿಸಿ, ಯಾರೂ ಕೂರದೆ ಅಳೆದದ್ದು ಎರಡನೆಯದು. ಹೆಲ್ಮೆಟ್, ಬೂಟು, ಜಾಕೆಟ್ ಸಮೇತ ಸವಾರ ಕೂತು, ಇನ್ನೊಬ್ಬರು ಹ್ಯಾಂಡಲ್ ಹಿಡಿದುಕೊಂಡಾಗ ಅಳೆದದ್ದು ಮೂರನೆಯದು. ಮೊದಲನೆಯದರಲ್ಲಿ ಮೂರನೆಯದನ್ನು ಕಳೆದರೆ ಸವಾರನ ಸ್ಯಾಗ್. ಅದು 60ಕ್ಕಿಂತ ತೀರ ಕಡಿಮೆ ಇದ್ದರೆ ಪ್ರಿಲೋಡ್, ಅಂದರೆ ಸ್ಪ್ರಿಂಗಿಗೆ ಮೊದಲೇ ಕೊಟ್ಟ ಬಿಗಿಯನ್ನು, ಒಂದೊಂದೇ ಹಂತ ಸಡಿಲಿಸಿ ಮತ್ತೆ ಅಳೆಯಿರಿ. ಹಗುರ ಸವಾರರಿಗೆ ಇದರಿಂದಲೇ ಸೀಟು 10, 15 ಮಿ.ಮೀ. ಇಳಿಯುತ್ತದೆ, ಒಂದು ಪೈಸೆ ಖರ್ಚಿಲ್ಲ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದದ್ದು 15ರಿಂದ 25 ಮಿ.ಮೀ. ಇದ್ದರೆ ಸ್ಪ್ರಿಂಗ್ ಸರಿಯಾಗಿದೆ. ಸವಾರನ ಸ್ಯಾಗ್ ಸರಿಹೋಗಿ ಇದು ತೀರ ಹೆಚ್ಚಿದ್ದರೆ ಸ್ಪ್ರಿಂಗ್ ನಿಮ್ಮ ತೂಕಕ್ಕೆ ಬಿರುಸು, ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆಯಾದರೆ ಮೆದು. ಹಿಂದೆ ಜೋಡಿ ಕೂರಿಸಿಕೊಂಡು ಹೋಗುವ ದಿನ ಪ್ರಿಲೋಡ್ ಏರಿಸಿದ್ದನ್ನು ಮರುದಿನ ಒಬ್ಬರೇ ಹೊರಡುವಾಗ ಇಳಿಸಲು ಮರೆಯಬೇಡಿ. ಎಷ್ಟು ಹಂತ ತಿರುಗಿಸಿದಿರೆಂದು ಟೂಲ್ ಚೀಲದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಇಷ್ಟು ಮಾಡಿದ ಮೇಲೂ ಸಾಲದಿದ್ದರೆ ಕುಷನ್ ಅಂಗಡಿ. ಸೀಟಿನ ಮೇಲ್ಭಾಗ ಕೆತ್ತಿಸುವುದಕ್ಕಿಂತ ಟ್ಯಾಂಕಿಗೆ ಹತ್ತಿದ ಮುಂಭಾಗದ ಎರಡೂ ಭುಜ ಸವರಿಸಿದರೆ ಲಾಭ ಹೆಚ್ಚು. ಕಾಲು ಹೊರಕ್ಕೆ ಚಾಚದೆ ನೇರ ಕೆಳಗಿಳಿಯುತ್ತದೆ. ಮೇಲಿಂದ ತೆಗೆಸುವುದಾದರೆ 20, 25 ಮಿ.ಮೀ. ದಾಟಬೇಡಿ, ದಾಟಿದರೆ ನೂರು ಕಿ.ಮೀ. ಆಗುವಷ್ಟರಲ್ಲಿ ಕೆಳಗಿನ ಗಟ್ಟಿ ತಟ್ಟೆ ಮೈಗೆ ಒತ್ತುತ್ತದೆ. ಹೊದಿಕೆಯಡಿ ನೀರು ತಡೆಯುವ ಹಾಳೆ ಮತ್ತೆ ಹಾಕಿದ್ದಾರೆಯೇ ನೋಡಿ, ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಫೋಮ್ ನೀರು ಹೀರುತ್ತದೆ.

ಲೋವರಿಂಗ್ ಲಿಂಕ್ ಎಂಬ ತಗ್ಗಿಸುವ ಪಟ್ಟಿ ಹಾಕಿಸುವುದು ಕೊನೆಯ ದಾರಿ, ನಾವು ಒಪ್ಪದ ದಾರಿ. ಹಿಂಭಾಗ 25 ಮಿ.ಮೀ. ಇಳಿದರೆ ಎಂಜಿನ್ ಅಡಿಯ ಅಂತರವೂ ಇಳಿಯುತ್ತದೆ. ಅದೇ ಅಂತರಕ್ಕಾಗಿ ತಾನೇ ಈ ಗಾಡಿ ಕೊಂಡದ್ದು? ಮುಂಭಾಗ ಎದ್ದಂತಾಗಿ ಹ್ಯಾಂಡಲ್ ತಿರುವು ನಿಧಾನವಾಗುತ್ತದೆ. ಅದನ್ನು ಸರಿದೂಗಿಸಲು ಮುಂದಿನ ಚಕ್ರ ಹಿಡಿದ ಫೋರ್ಕ್ ಕೊಳವೆಗಳನ್ನು ಮೇಲಕ್ಕೆ ಸರಿಸಿದರೆ ಪೂರ್ತಿ ಕುಗ್ಗಿದಾಗ ಮುಂದಿನ ಚಕ್ರ ಮೇಲಿನ ಮಡ್‌ಗಾರ್ಡ್‌ಗೋ ರೇಡಿಯೇಟರ್‌ಗೋ ತಾಗಬಹುದು. ಸೈಡ್ ಸ್ಟ್ಯಾಂಡ್ ಉದ್ದವಾಗಿಬಿಡುವುದರಿಂದ ಗಾಡಿ ನೆಟ್ಟಗೆ ನಿಂತು, ಗಾಳಿಗೆ ಆಚೆ ಬದಿಗೆ ಉರುಳುತ್ತದೆ. ಸ್ಟ್ಯಾಂಡ್ ಕತ್ತರಿಸಿ ಬೆಸೆಯದೆ ಈ ಕೆಲಸ ಮುಗಿಯುವುದಿಲ್ಲ.

ಆರಡಿ ಮೀರಿದವರ ಕಷ್ಟ ಬೇರೆ. ಕೂತಾಗ ಮಂಡಿ ಮಡಚಿ ಜೋಮು ಹಿಡಿಯುತ್ತದೆ, ನಿಂತಾಗ ಹ್ಯಾಂಡಲ್ ತಗ್ಗಾಗಿ ಬೆನ್ನು ಬಾಗುತ್ತದೆ. ಹಿಮಾಲಯನ್ 450ರ ಸೀಟನ್ನು 845ಕ್ಕೆ ಏರಿಸಬಹುದು. ಹ್ಯಾಂಡಲ್ ಕೆಳಗೆ 20, 30 ಮಿ.ಮೀ. ರೈಸರ್, ಅಂದರೆ ಹ್ಯಾಂಡಲ್ ಎತ್ತರಿಸುವ ತುಂಡು, ಹಾಕಿಸಿದರೆ ನಿಂತು ಓಡಿಸುವುದು ಸಲೀಸು. ಹಾಕಿಸಿದ ಮೇಲೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಕ್ಲಚ್ ಕೇಬಲ್, ಬ್ರೇಕ್ ಹೋಸ್, ವೈರಿಂಗ್ ಎಳೆದುಕೊಳ್ಳುತ್ತವೆಯೇ ನೋಡಬೇಕು.

ಗಾಡಿ ಯಾವ ದಾರಿಗೆ ಎಂಬುದನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿ.ಮೀ. ಹೆದ್ದಾರಿ 48ರಲ್ಲಿ ವಾರವಾರ ಅದನ್ನು ತುಳಿಯುವವರಿಗೆ 200 ಸಿಸಿ ಎಂಜಿನ್ ಏದುಸಿರು ಬಿಡುತ್ತದೆ. ನೂರರ ವೇಗದಲ್ಲಿ ಲಾರಿ ದಾಟಲು ಬೇಕಾದ ಕಸುವು ಉಳಿದಿರುವುದಿಲ್ಲ. ಅವರಿಗೆ ಹಿಮಾಲಯನ್ 450, ಅಥವಾ ಕೆಟಿಎಂ 390 ಅಡ್ವೆಂಚರ್ ಸರಿ. 2020ರ ಕೆಟಿಎಂ 855 ಮಿ.ಮೀ. ಇತ್ತು, 2025ರದು 830ಕ್ಕೆ ಇಳಿದಿದೆ, ಹಳೆಯದನ್ನು ಹತ್ತಿ ಬಿಟ್ಟವರು ಇದನ್ನೊಮ್ಮೆ ನೋಡಬಹುದು. ಹೊಲ, ತೋಟ, ಜಗಳೂರು, ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಮಣ್ಣು ದಾರಿಯಲ್ಲೇ ದಿನವೂ ಓಡಾಡುವವರು ಹಗುರ ಗಾಡಿ ಬಿಟ್ಟು ದೊಡ್ಡದಕ್ಕೆ ಆಸೆಪಡುವುದು ದಂಡ. ಗುಡ್ಡಗಳ ಮೇಲೆಲ್ಲ ಗಾಳಿಯಂತ್ರ ತಿರುಗುವ ಊರು ನಮ್ಮದು. ಆಷಾಢದ ಅಡ್ಡಗಾಳಿಗೆ ಎತ್ತರದ ಗಾಡಿ ಹಡಗಿನ ಪಟದಂತಾಗುತ್ತದೆ. ಬೇಡದಿದ್ದಾಗ ಟಾಪ್ ಬಾಕ್ಸ್ ಕಳಚಿಡಿ, ಮಂಡಿಯಲ್ಲಿ ಟ್ಯಾಂಕ್ ಬಿಗಿಹಿಡಿದು ಹ್ಯಾಂಡಲ್ ಹಿಡಿತ ಸಡಿಲ ಬಿಡಿ. ಬಿಗಿ ಕೈಯೇ ಗಾಡಿಯನ್ನು ತೂರಾಡಿಸುವುದು.

ಮಳೆಯಲ್ಲಿ ಎರೆ ಮಣ್ಣು ಚಕ್ರಕ್ಕೂ ಮಡ್‌ಗಾರ್ಡ್‌ಗೂ ನಡುವೆ ಗಾರೆಯಂತೆ ಮೆತ್ತಿಕೊಂಡು ಮುಂದಿನ ಚಕ್ರವನ್ನೇ ಹಿಡಿದುಬಿಡುತ್ತದೆ. ಟೈರಿಗೆ ತಾಗಿಕೊಂಡಂತಿರುವ ತಗ್ಗು ಮಡ್‌ಗಾರ್ಡ್ ಆ ಭೂಮಿಗೆ ಹೊಂದುವುದಿಲ್ಲ. ಸುಗ್ಗಿಯಲ್ಲಿ ರಸ್ತೆ ಮೇಲೆ ಒಣಹಾಕಿದ ಮೆಕ್ಕೆಜೋಳದ ಕಾಳು ಯಾವ ಟೈರನ್ನೂ ಜಾರಿಸುತ್ತದೆ, ಅಲ್ಲಿ ಬ್ರೇಕ್ ಮುಟ್ಟಬಾರದು, ವಾಲಲೂಬಾರದು.

ಇನ್ನು ಬಳ್ಳಾರಿ ಜಾಲಿ ಮುಳ್ಳು. ಟ್ಯೂಬ್‌ಲೆಸ್ ಆದರೆ ಪ್ಲಗ್ ತುರುಕಿ ಗಾಳಿ ತುಂಬಿ ಹತ್ತು ನಿಮಿಷದಲ್ಲಿ ಹೊರಡಬಹುದು. ಟ್ಯೂಬ್ ಇದ್ದರೆ ಚಕ್ರ ಬಿಚ್ಚಲೇಬೇಕು. ಮುಂದಿನ 21 ಇಂಚಿನ ಚಕ್ರದ ಟ್ಯೂಬ್ ಹಳ್ಳಿ ಪಂಕ್ಚರ್ ಅಂಗಡಿಯಲ್ಲಿ ಸಿಗುವುದು ಕಷ್ಟ, ಒಂದನ್ನು ಜೊತೆಯಲ್ಲಿಟ್ಟುಕೊಳ್ಳಿ. ಊರು ಸೇರುವ ತನಕ ಅದನ್ನೇ ಹಿಂದಿನ ಚಕ್ರಕ್ಕೂ ಮಡಚಿ ಹಾಕಿ ನಡೆಸಬಹುದು. ಎರಡು ಟೈರ್ ಲಿವರ್, ಆಕ್ಸಲಿನ ಅಳತೆಯ ಸ್ಪ್ಯಾನರ್, ಕೈಪಂಪು ಸಹ ಬೇಕು.

ಕೊನೆಯದಾಗಿ ಶೋರೂಂನವರಲ್ಲಿ ವಿನಂತಿ. ನುಣುಪು ಟೈಲ್ಸ್ ಮೇಲೆ, ಚಪ್ಪಲಿಗಾಲಲ್ಲಿ, ಸ್ಟ್ಯಾಂಡ್ ಹಾಕಿದ ಗಾಡಿಯ ಮೇಲೆ ಕೂರಿಸಿ ಫೋಟೊ ತೆಗೆದು ಬುಕಿಂಗ್ ಮಾಡಿಸಿಕೊಳ್ಳಬೇಡಿ. ಕೊಳ್ಳುವವರು ತಮ್ಮ ಬೂಟು ಹಾಕಿಕೊಂಡು ಬರಲಿ, ಅವರ ತೂಕಕ್ಕೆ ಪ್ರಿಲೋಡ್ ಹೊಂದಿಸಿ ಕೊಡಿ. ಸ್ವಲ್ಪ ಏರಿನಲ್ಲಿ ಕೂತಲ್ಲಿಂದಲೇ ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಲಿ, ಎಂಟರ ಆಕಾರ ತಿರುಗಿಸಲಿ, ಫುಟ್‌ಪೆಗ್ ಮೇಲೆ ನಿಲ್ಲಲಿ. ಟೆಸ್ಟ್ ರೈಡ್‌ನಲ್ಲಿ ಅರ್ಧ ಕಿ.ಮೀ. ಆದರೂ ಗರಸು ದಾರಿ ಇರಲಿ. ತಮ್ಮ ವಾಹನ ಪುಟದಲ್ಲಿ ಬೆಲೆಯ ಪಕ್ಕದಲ್ಲೇ ಸೀಟಿನ ಎತ್ತರ, ಪೆಟ್ರೋಲ್ ಸಹಿತ ತೂಕ, ಟ್ಯೂಬ್ ಇದೆಯೇ ಇಲ್ಲವೇ ಎಂಬ ಮೂರು ಸಾಲು ಮುಂದಿನ ಸಲದಿಂದ ಅಚ್ಚಾಗಲಿ ಎಂದು ಕೋರುತ್ತೇವೆ.

ಇಂತಿ,
ಬೈಕ್ ಸವಾರರು,
ಚಿತ್ರದುರ್ಗ