ಅಸಮಾನತೆಯ ಅಧ್ಯಯನಕ್ಕೂ ಮಕ್ಕಳು ಬರಲಿ

ಮನಶ್ಶಾಸ್ತ್ರ ಓದಿದರೆ ಕೌನ್ಸೆಲಿಂಗ್ ಒಂದೇ ದಾರಿ ಎಂದು ನಮ್ಮ ಪಿಯುಸಿ ಮಕ್ಕಳು ತಿಳಿದಿದ್ದಾರೆ. ಅಸಮಾನತೆಯ ಅಧ್ಯಯನಕ್ಕೇ ಬದುಕು ಮುಡಿಪಿಟ್ಟವರೂ ಇದ್ದಾರೆ. ಅಮೆರಿಕದ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿ, ಬಣ್ಣವೊಂದನ್ನು ಬಿಟ್ಟರೆ ಉಳಿದೆಲ್ಲ ಒಂದೇ ತೆರನಾದ ಗೊಂಬೆಗಳನ್ನು ಕಪ್ಪು ಮಕ್ಕಳ ಮುಂದಿಟ್ಟು ‘ಒಳ್ಳೆಯ ಗೊಂಬೆ ಯಾವುದು’ ಎಂದು ಕೇಳಿದರು. ಹೆಚ್ಚಿನವರು ಬಿಳಿ ಗೊಂಬೆ ತೋರಿಸಿದರು. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿ ಕೆನೆತ್ ಅವರ ಬರಹದ ಉಲ್ಲೇಖವಿದೆ.

ನಮ್ಮ ದೇಶದ್ದೇ ಸಾಕ್ಷ್ಯ ಬೇಕೆ? ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ನಡೆಸಿದ ಪ್ರಯೋಗದಲ್ಲಿ, ಎಲ್ಲರೆದುರು ಜಾತಿ ಹೇಳಿದಾಗ ಕೆಳಜಾತಿಯ ಹುಡುಗರು ಬಿಡಿಸಿದ, ಕಾಗದದ ಮೇಲೆ ದಾರಿ ಹುಡುಕುವ ಚಕ್ರವ್ಯೂಹಗಳ (ಮೇಜ್) ಸಂಖ್ಯೆ ಇಳಿಯಿತು. ಹೇಳದಿದ್ದಾಗ ಅವರು ಯಾರಿಗೂ ಕಮ್ಮಿ ಇರಲಿಲ್ಲ.

ಬೆಂಗಳೂರಿನ ತರಗತಿಯೊಂದರಲ್ಲಿ ಸ್ಕಾಲರ್‌ಶಿಪ್ ಅರ್ಜಿ ಹಂಚುವಾಗ ‘ಎಸ್‌ಸಿ, ಎಸ್‌ಟಿಯವರು ಎದ್ದು ನಿಲ್ಲಿ’ ಎಂದದ್ದನ್ನು ನಾನೇ ಕೇಳಿದ್ದೇನೆ. ಎದ್ದ ಹುಡುಗಿ ಬೆಂಚಿನ ಅಂಚು ಹಿಡಿದು ತಲೆ ತಗ್ಗಿಸಿದ್ದಳು. ಈ ಗಾಯವನ್ನು ಅಳೆಯಲು ಇಲ್ಲಿನವರೇ, ಕನ್ನಡ ಬಲ್ಲವರೇ ಬೇಕು. ವಿಶ್ವವಿದ್ಯಾಲಯಗಳು ಇಂಥ ಸಂಶೋಧನೆಗೆ ಫೆಲೋಶಿಪ್ ಕೊಡಲಿ. ಅರ್ಜಿಗಳನ್ನಂತೂ ನಾಳೆಯಿಂದಲೇ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಕೊಡಬಹುದು.

– ಓರ್ವ ಶಿಕ್ಷಕಿ, ರಾಜಾಜಿನಗರ, ಬೆಂಗಳೂರು